ಜನ ಉಳಿಸಿಕೊಂಡ ದಾರಿಯಲ್ಲಿ ಎರಡು ದಿನ

(ಇಂಗ್ಲೆಂಡಿನ ರೆಡಿಂಗ್ ಸುತ್ತಮುತ್ತಲಿನ ಕನ್ನಡಿಗರು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಬಾತ್ ನೋಡಿದ್ದೀರಿ. ಊರಿಂದ ಅಪ್ಪ ಅಮ್ಮ ಬಂದಾಗ ಕರ್ಕೊಂಡು ಹೋಗುವ ಊರು ಅದು. ಎಂ4 ಹೆದ್ದಾರಿ ಹಿಡಿದು ಹೋಗೋದು, ಪಾರ್ಕಿಂಗ್ ಹುಡುಕೋದು, ರೋಮನ್ನರ ಕೊಳ ನೋಡಿ ಫೋಟೊ ತೆಗೆಯೋದು, ಕತ್ತಲಾಗುವ ಮೊದಲು ವಾಪಸ್. ಕೆಲವರು ಅದೇ ದಿನ ಸ್ಟೋನ್‌ಹೆಂಜನ್ನೂ ಮುಗಿಸಿಬಿಡುತ್ತಾರೆ. ನಾನು ಇವತ್ತು ಹೇಳಬೇಕೆಂದಿರುವುದು ಅದೇ ಸೀಮೆಯನ್ನು ಶನಿವಾರ, ಭಾನುವಾರ ಎರಡು ದಿನ ಸೈಕಲ್ ಮೇಲೆ ನೋಡುವ ಬಗ್ಗೆ. ಬ್ರಿಸ್ಟಲ್‌ನಿಂದ ಹೊರಡೋದು. ಬಾತ್ ದಾಟಿ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಊರಲ್ಲಿ ರಾತ್ರಿ ತಂಗೋದು. ಮರುದಿನ ಡಿವೈಜಿಸ್, ಏವ್‌ಬರಿ ನೋಡಿಕೊಂಡು ಪ್ಯೂಸಿಯಲ್ಲಿ ರೈಲು ಹತ್ತೋದು. ಮೊದಲ ದಿನ ಸುಮಾರು 45 ಕಿಲೋಮೀಟರ್, ಎರಡನೇ ದಿನ 60ರ ಆಸುಪಾಸು.

ಈ ದಾರಿಯಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಒಂದಿದೆ. ಇಲ್ಲಿ ನಾವು ಸೈಕಲ್ ಓಡಿಸುವ ನೆಲದ ಬಹುಪಾಲು ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿತ್ತು. ಮುಚ್ಚಿದ ರೈಲು ಹಾದಿ, ನೀರು ಬತ್ತಿ ಹೂಳು ತುಂಬಿದ ಕಾಲುವೆ, ಉರುಳಿಸಿ ಹೂತು ಹಾಕಿದ ಕಲ್ಲುಗಳು. ಇವನ್ನೆಲ್ಲ ಯಾರೋ ಹಟ ಹಿಡಿದು ಉಳಿಸಿಕೊಂಡರು. ಹೆಚ್ಚಿನವರು ನಮ್ಮ ಹಾಗೆ ವಾರವೆಲ್ಲ ದುಡಿದು ರಜೆ ದಿನ ಬಂದು ಗುದ್ದಲಿ ಹಿಡಿದ ಜನ. ಕಾರಿನಲ್ಲಿ ಹೋದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಸೈಕಲ್ ಮೇಲೆ ಹೋದರೆ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಬ್ರಿಸ್ಟಲ್‌ನ ಟೆಂಪಲ್ ಮೀಡ್ಸ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ದೂರ ಪೇಟೆ ರಸ್ತೆಯಲ್ಲಿ ಹೋದರೆ ಬ್ರಿಸ್ಟಲ್-ಬಾತ್ ರೈಲ್ವೆ ಹಾದಿ ಶುರುವಾಗುತ್ತದೆ. 21 ಕಿಲೋಮೀಟರ್ ಉದ್ದ. ಮೂರು ಮೀಟರ್ ಅಗಲದ ಡಾಂಬರು. ಕಾರಿಲ್ಲ, ಸಿಗ್ನಲ್ ಇಲ್ಲ. ಹಳೆ ರೈಲು ಹಾದಿ ಸೈಕಲ್‌ಗೆ ಯಾಕೆ ಇಷ್ಟು ಹೇಳಿ ಮಾಡಿಸಿದ ಹಾಗಿದೆ ಅಂದರೆ, ಉಗಿಬಂಡಿಗೆ ಏರು ಹತ್ತುವ ಶಕ್ತಿ ಕಡಿಮೆ. ಅದಕ್ಕೇ ಅವರು ಗುಡ್ಡ ಬಂದರೆ ಕೊರೆದರು, ತಗ್ಗು ಬಂದರೆ ಮಣ್ಣು ಏರಿಸಿದರು. ಇಂಗ್ಲೆಂಡಿನ ಹಳ್ಳಿ ರಸ್ತೆಗಳ ಹಾಗೆ ಇಲ್ಲಿ ಏದುಸಿರು ಬಿಡುವ ಏರಿಲ್ಲ. ಸ್ಟೇಪಲ್ ಹಿಲ್‌ನಲ್ಲಿ ಒಂದು ಸುರಂಗ ಬರುತ್ತದೆ. ಮ್ಯಾಂಗಟ್ಸ್‌ಫೀಲ್ಡ್‌ನಲ್ಲಿ ಹಳೆ ಸ್ಟೇಷನ್ನಿನ ಗೋಡೆ, ಪ್ಲಾಟ್‌ಫಾರಂ ಈಗಲೂ ನಿಂತಿವೆ. ಬಿಟ್ಟನ್ ಹತ್ತಿರ ಹಳೆ ಉಗಿಬಂಡಿಗಳನ್ನು ಓಡಿಸುವ ಆಸಕ್ತರ ಪುಟ್ಟ ರೈಲ್ವೆ ಇದೆ. ರೈಲು ಓಡುವ ದಿನ ಹೋದರೆ ಸ್ವಲ್ಪ ದೂರ ನಿಮ್ಮ ಪಕ್ಕದಲ್ಲೇ ಹೊಗೆ ಬಿಡುತ್ತಾ ಬರುತ್ತದೆ. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು?

1963ರಲ್ಲಿ ರೈಲ್ವೆ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. ನಷ್ಟದಲ್ಲಿರುವ ಹಾದಿಗಳನ್ನು ಮುಚ್ಚಿ ಅಂತ. ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್, ಸುಮಾರು 5,000 ಮೈಲಿ ಹಾದಿ ಆ ಪಟ್ಟಿಯಲ್ಲಿದ್ದವು. ಹಳ್ಳಿ ಹಳ್ಳಿಗೂ ಹೋಗುತ್ತಿದ್ದ ರೈಲುಗಳು ನಿಂತವು. ಈ ಹಾದಿಯಲ್ಲಿ ಜನ ಓಡಾಡುವ ರೈಲು 1966ರಲ್ಲಿ ನಿಂತಿತು. ಹಳಿ ಕಿತ್ತರು, ಮುಳ್ಳುಗಿಡ ಬೆಳೆಯಿತು.

1977ರಲ್ಲಿ ಬ್ರಿಸ್ಟಲ್‌ನ ಕೆಲವರು ಸೇರಿ ಸೈಕಲ್‌ಬ್ಯಾಗ್ ಎಂಬ ಗುಂಪು ಕಟ್ಟಿದರು. ಜಾನ್ ಗ್ರಿಮ್‌ಷಾ ಎಂಬ ಎಂಜಿನಿಯರ್ ಮುಂದೆ ನಿಂತರು. ಬರೀ ಮನವಿ ಕೊಟ್ಟು ಕಾಯುತ್ತಾ ಕೂರಲಿಲ್ಲ. 1979ರಲ್ಲಿ ಬಾತ್‌ನಿಂದ ಬಿಟ್ಟನ್‌ವರೆಗೆ ಐದು ಮೈಲಿಯನ್ನು ಸ್ವಯಂಸೇವಕರ ಕೈಯಿಂದಲೇ ಮಾಡಿ ತೋರಿಸಿದರು. 1986ರ ಹೊತ್ತಿಗೆ ಪೂರ್ತಿ ಹಾದಿ ಸಿದ್ಧವಾಯಿತು. ಇದೇ ಗುಂಪು ಮುಂದೆ ಸಸ್‌ಟ್ರಾನ್ಸ್ ಎಂಬ ಸಂಸ್ಥೆಯಾಗಿ ದೇಶವಿಡೀ ಸೈಕಲ್ ದಾರಿಗಳ ಜಾಲ ಹೆಣೆಯಿತು. ನಿಮ್ಮ ಮನೆ ಹತ್ತಿರ ನೀಲಿ ಫಲಕದ ಮೇಲೆ ಕೆಂಪು ಚೌಕದಲ್ಲಿ ನಂಬರ್ ನೋಡಿರುತ್ತೀರಿ, ಅಲ್ವಾ? ಅದು ಈ ಜಾಲದ ಗುರುತು. 2008ರಲ್ಲಿ ಇದೇ ರೈಲ್ವೆ ಹಾದಿಯ ಮೇಲೆ ಬಸ್ ಓಡಿಸುವ ಯೋಜನೆ ಬಂದಿತ್ತು. ಜನ ಸುಮ್ನೆ ಕೂರಲಿಲ್ಲ. ಯೋಜನೆ ಕೈಬಿಡಬೇಕಾಯಿತು. ಒಮ್ಮೆ ಉಳಿಸಿಕೊಂಡರೆ ಸಾಲದು, ಮತ್ತೆ ಮತ್ತೆ ಕಾಯಬೇಕಾಗುತ್ತದೆ.

ಹೊರಡುವ ಮೊದಲು ಒಂದು ಗಂಟೆ ಬಿಡುವಿದ್ದರೆ ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸ್ಮಶಾನಕ್ಕೆ ಹೋಗಿ ಬನ್ನಿ. ಟೆಂಪಲ್ ಮೀಡ್ಸ್‌ನಿಂದ ದೂರವಿಲ್ಲ. ರಾಜಾ ರಾಮಮೋಹನ ರಾಯರ ಸಮಾಧಿ ಅಲ್ಲಿದೆ. ಅವರು 1833ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ಸಮಾಧಿಯ ಮೇಲೆ ನಮ್ಮ ಕಡೆಯ ಛತ್ರಿಯ ಆಕಾರದ ಕಲ್ಲು ಮಂಟಪ ಕಟ್ಟಿಸಿದವರು ದ್ವಾರಕಾನಾಥ ಠಾಕೂರರು. ಶಾಲೆಯ ಪಾಠದಲ್ಲಿ ಸತಿ ಪದ್ಧತಿಯ ಬಗ್ಗೆ ಓದಿದ ನಮಗೆ ಆ ಮಂಟಪದ ಮುಂದೆ ನಿಂತಾಗ ಮನಸ್ಸು ತುಂಬಿ ಬರುತ್ತದೆ.

ಬಾತ್ ಊರಿನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನೀವು ನೋಡಿದ್ದೀರಿ. ಮಧ್ಯಾಹ್ನ ಬುತ್ತಿ ಬಿಚ್ಚಲು ಒಳ್ಳೆ ಜಾಗ, ಅಷ್ಟೆ. ಅಲ್ಲಿಂದ ಮುಂದಿನದು ನನ್ನ ಮೆಚ್ಚಿನ ತುಂಡು.

ಬಾತ್‌ನ ದಕ್ಷಿಣಕ್ಕೆ ಗುಡ್ಡದ ಸಾಲು. ಅದನ್ನು ಸೀಳಿಕೊಂಡು ಸಾಮರ್ಸೆಟ್-ಡಾರ್ಸೆಟ್ ರೈಲ್ವೆಯ ಎರಡು ಸುರಂಗಗಳಿವೆ. ಮೊದಲನೆಯದು ಡೆವನ್‌ಷೈರ್ ಸುರಂಗ, ಸುಮಾರು 400 ಮೀಟರ್. ಎರಡನೆಯದು ಕೂಂಬ್ ಡೌನ್ ಸುರಂಗ, 1,672 ಮೀಟರ್. ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ದೂರ ಗುಡ್ಡದ ಹೊಟ್ಟೆಯೊಳಗೆ ಸೈಕಲ್ ತುಳಿಯುವುದನ್ನು ಊಹಿಸಿಕೊಳ್ಳಿ. ಒಳಗೆ ಹೋದ ಕೂಡಲೇ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹೊರಗೆ ಜುಲೈ ಬಿಸಿಲಿದ್ದರೂ ಒಳಗೆ ಸ್ವೆಟರ್ ಬೇಕು. ಮಂದ ದೀಪಗಳು. ಚಕ್ರದ ಸದ್ದು, ನಮ್ಮದೇ ಉಸಿರಿನ ಸದ್ದು. ನಡುವೆ ಒಂದು ಕಡೆ ಕಲಾವಿದರು ದೀಪ, ಸಂಗೀತ ಅಳವಡಿಸಿದ್ದಾರೆ. ಹತ್ತಿರ ಹೋದಂತೆ ಗೋಡೆಯೊಳಗಿಂದ ಸ್ವರ ಕೇಳಿಬರುತ್ತದೆ.

ಈ ಸುರಂಗಕ್ಕೆ ಹೊಗೆ ಹೊರಹೋಗುವ ಕಿಂಡಿಗಳಿರಲಿಲ್ಲ. ಕಲ್ಲಿದ್ದಲ ಹೊಗೆಯೆಲ್ಲ ಒಳಗೇ ಸುತ್ತುತ್ತಿತ್ತು. ಗೂಡ್ಸ್ ರೈಲು ನಿಧಾನಕ್ಕೆ ಏರು ಹತ್ತುವಾಗ ಎಂಜಿನ್‌ನಲ್ಲಿದ್ದವರು ಆ ಹೊಗೆಯಲ್ಲೇ ಉಸಿರಾಡಬೇಕು. 1929ರ ನವೆಂಬರ್‌ನಲ್ಲಿ ಒಂದು ಗೂಡ್ಸ್ ರೈಲಿನ ಚಾಲಕ, ಬೆಂಕಿ ಹಾಕುವವ ಇಬ್ಬರೂ ಹೊಗೆಗೆ ಪ್ರಜ್ಞೆ ತಪ್ಪಿ ಬಿದ್ದರು. ರೈಲು ತನ್ನಷ್ಟಕ್ಕೆ ಇಳಿಜಾರಿನಲ್ಲಿ ವೇಗ ಹಿಡಿದು ಬಾತ್ ಗೂಡ್ಸ್ ಯಾರ್ಡ್‌ಗೆ ನುಗ್ಗಿತು. ಮೂವರು ಸತ್ತರು. ಈಗ ಅದೇ ಕತ್ತಲೆಯಲ್ಲಿ ಮಕ್ಕಳು ಟ್ರಿಂಗ್ ಟ್ರಿಂಗ್ ಅಂತ ಬೆಲ್ ಹೊಡೆದು ಪ್ರತಿಧ್ವನಿ ಕೇಳುತ್ತಾರೆ. ಚಾಲಕನ ಕಥೆಯನ್ನು ಮಕ್ಕಳಿಗೆ ಹೇಳಿ. ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿಸಿದವರ ಹೆಸರು ಎಲ್ಲ ಕಡೆ ಇರುತ್ತದೆ. ಒಳಗೆ ದುಡಿದವರನ್ನು ನೆನೆಯಲು ಇಂಥ ಜಾಗ ಬೇಕು.

ಈ ರೈಲೂ 1966ರಲ್ಲೇ ನಿಂತದ್ದು. ಸುರಂಗಗಳನ್ನು ಮುಚ್ಚಿದ್ದರು. ನಲವತ್ತು ವರ್ಷ ಹಾಗೇ ಇದ್ದವು. ಸ್ಥಳೀಯರು ಗುಂಪು ಕಟ್ಟಿ, ಹಣ ಕೂಡಿಸಿ, ಹೋರಾಡಿ 2013ರ ಏಪ್ರಿಲ್‌ನಲ್ಲಿ ತೆರೆಸಿದರು. ಬೆಳಿಗ್ಗೆ 5ರಿಂದ ರಾತ್ರಿ 11ರವರೆಗೆ ದೀಪ ಇರುತ್ತದೆ. ಆದರೂ ನಿಮ್ಮ ಸೈಕಲ್‌ಗೆ ಮುಂದೆ ಹಿಂದೆ ಲೈಟ್ ಇರಲಿ.

ಸುರಂಗದಿಂದ ಹೊರಬಂದರೆ ಟಕಿಂಗ್ ಮಿಲ್ ಎಂಬಲ್ಲಿ ಎತ್ತರದ ರೈಲು ಸೇತುವೆ. ಕೆಳಗಿನ ಕಣಿವೆಯಲ್ಲಿ ವಿಲಿಯಂ ಸ್ಮಿತ್ ಇದ್ದರು. ಕಮ್ಮಾರನ ಮಗ, ಕಾಲೇಜು ಕಂಡವರಲ್ಲ. 1790ರ ದಶಕದಲ್ಲಿ ಇಲ್ಲಿ ಕಲ್ಲಿದ್ದಲು ಸಾಗಿಸುವ ಒಂದು ಕಾಲುವೆಗೆ ಭೂಮಿ ಅಳೆಯುವ ಕೆಲಸ ಅವರದು. ಅಗೆದಂತೆಲ್ಲ ಒಂದು ವಿಷಯ ಗಮನಿಸಿದರು. ಮಣ್ಣು ಕಲ್ಲಿನ ಪದರಗಳು ಎಲ್ಲಿ ಅಗೆದರೂ ಒಂದೇ ಕ್ರಮದಲ್ಲಿ ಬರುತ್ತವೆ. ಒಂದೊಂದು ಪದರದಲ್ಲೂ ಅದರದ್ದೇ ಆದ ಚಿಪ್ಪು, ಪಳೆಯುಳಿಕೆ. ಚಿಪ್ಪು ನೋಡಿ ಇದು ಯಾವ ಪದರ ಅಂತ ಹೇಳಬಹುದು! 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶಿಲಾಪದರಗಳ ದೊಡ್ಡ ಬಣ್ಣದ ನಕ್ಷೆ ಹೊರತಂದರು. ಅಂಥವರು 1819ರಲ್ಲಿ ಸಾಲ ತೀರಿಸಲಾಗದೆ ಲಂಡನ್‌ನಲ್ಲಿ ಜೈಲು ಸೇರಬೇಕಾಯಿತು. ಅವರಿಗೆ ಸಿಗಬೇಕಾದ ಗೌರವ ಸಿಕ್ಕಿದ್ದು ತೀರಾ ತಡವಾಗಿ. ಈ ಸೇತುವೆ ಮೇಲೆ ಐದು ನಿಮಿಷ ಸೈಕಲ್ ಒರಗಿಸಿ ನಿಲ್ಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮುಂದೆ ಮಿಡ್‌ಫರ್ಡ್ ಮೇಲೆ ಸುತ್ತಿ ಬಂದರೆ ಡಂಡಸ್ ಮೇಲ್ಗಾಲುವೆ. ಏವನ್ ನದಿ ಕೆಳಗೆ ಹರಿಯುತ್ತದೆ, ಪಕ್ಕದಲ್ಲಿ ರೈಲು ಓಡುತ್ತದೆ, ಎರಡರ ಮೇಲೂ ಕಲ್ಲಿನ ಕಮಾನುಗಳ ಮೇಲೆ ದೋಣಿಗಳು ತೇಲಿಕೊಂಡು ಹೋಗುತ್ತವೆ. ಜಾನ್ ರೆನ್ನಿ ಎಂಬ ಎಂಜಿನಿಯರ್ ಕಟ್ಟಿದ್ದು. ಇಲ್ಲಿ ನಾವು ಸೇರುವುದು ಕೆನೆಟ್-ಏವನ್ ಕಾಲುವೆಯನ್ನು. ಇದು ನಿಮಗೆ ಹೊಸದಲ್ಲ. ರೆಡಿಂಗ್‌ನ ಆರಕಲ್ ಮಾಲ್ ನಡುವೆ ಹರಿಯುವ ನೀರು ಇದೇ ಜಲಮಾರ್ಗದ ಪೂರ್ವದ ತುದಿ. ಅಲ್ಲಿ ದೋಣಿಗಳಿಗೆ ಟ್ರಾಫಿಕ್ ಸಿಗ್ನಲ್ ಇದೆ, ನೋಡಿದ್ದೀರಾ? ರೆಡಿಂಗ್‌ನಿಂದ ಬ್ರಿಸ್ಟಲ್‌ಗೆ 87 ಮೈಲಿ. ನಾವು ಶಾಪಿಂಗ್ ಚೀಲ ಹಿಡಿದು ದಾಟುವ ನೀರಿನ ಜೊತೆಗೇ ಎರಡು ದಿನ ಸೈಕಲ್ ಹೊಡೆಯಬಹುದು.

ಕಾಲುವೆ ದಂಡೆಯ ದಾರಿ ಮಾಡಿದ್ದು ಕುದುರೆಗಳಿಗೆ. ಕುದುರೆ ದಂಡೆಯ ಮೇಲೆ ನಡೆಯುತ್ತಾ ಉದ್ದ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಹಳೆ ಸೇತುವೆಗಳ ಕೆಳಗೆ ಹೋಗುವಾಗ ಕಮಾನಿನ ಮೂಲೆಯನ್ನು ಗಮನಿಸಿ. ನಮ್ಮೂರ ಸೇದೋ ಬಾವಿಯ ಕಟ್ಟೆ ಕಲ್ಲು ಹಗ್ಗ ಉಜ್ಜಿ ಉಜ್ಜಿ ಸವೆದಿರುತ್ತದಲ್ಲ, ಹಾಗೆಯೇ ಇಲ್ಲೂ ಗೀರುಗಳು ಬಿದ್ದಿರುತ್ತವೆ. ಬೆರಳಿಟ್ಟರೆ ಒಳಗೆ ಕೂರುತ್ತದೆ. ದಾರಿ ಕಿರಿದು. ನಡೆಯುವವರಿಗೆ ಮೊದಲ ಹಕ್ಕು. ಹಿಂದಿನಿಂದ ಬೆಲ್ ಹೊಡೆದು, ನಿಧಾನಿಸಿ, ಥ್ಯಾಂಕ್ಸ್ ಹೇಳಿ ಮುಂದೆ ಹೋಗಬೇಕು.

ಸಂಜೆಗೆ ಬ್ರಾಡ್‌ಫರ್ಡ್. ಕಾಲುವೆ ಪಕ್ಕದಲ್ಲೇ 14ನೇ ಶತಮಾನದ ಕಣಜ ಇದೆ. 51 ಮೀಟರ್ ಉದ್ದದ ಕಲ್ಲಿನ ಕಟ್ಟಡ, ಒಳಗೆ ಇಡೀ ಮರಗಳನ್ನೇ ಬಾಗಿಸಿ ನಿಲ್ಲಿಸಿದಂಥ ತೊಲೆಗಳು. ಶಾಫ್ಟ್ಸ್‌ಬರಿಯ ಸನ್ಯಾಸಿನಿಯರ ಮಠಕ್ಕೆ ಸೇರಿದ್ದು. ರೈತರು ಬೆಳೆದದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಕೊಡಬೇಕಿದ್ದ ಕಾಲ ಅದು. ಒಳಗೆ ಹೋಗಲು ಟಿಕೆಟ್ ಇಲ್ಲ.

ರಾತ್ರಿ ತಂಗುವ ವಿಷಯ ಬಂದಿದ್ದಕ್ಕೆ ಒಂದು ಮಾತು. ಇವತ್ತು ಯಾವ ಲಾಡ್ಜಿಗೆ ಹೋದರೂ ಸೈಕಲ್ ಇಡಲು ಶೆಡ್ ಇದೆಯಾ ಅಂತ ಧೈರ್ಯವಾಗಿ ಕೇಳುತ್ತೇವೆ. ಮೊದಲು ಹಾಗಿರಲಿಲ್ಲ. 1878ರಲ್ಲಿ ಸೈಕಲ್ ಪ್ರವಾಸಿಗರು ಒಂದು ಕ್ಲಬ್ ಕಟ್ಟಿದರು. ಊರೂರಿನ ಹೋಟೆಲುಗಳ ಜೊತೆ ದರ ಮಾತಾಡಿ, ಸದಸ್ಯರಿಗೆ ಊಟ, ವಸತಿ ಖಾತ್ರಿ ಮಾಡಿದರು. ಅಂಥ ಹೋಟೆಲುಗಳ ಗೋಡೆಗೆ ರೆಕ್ಕೆ ಇರುವ ಚಕ್ರದ ಫಲಕ. 1898ರಲ್ಲಿ ಸರ್ರೆಯ ಆಕಮ್ ಎಂಬ ಹಳ್ಳಿಯ ಒಂದು ಹೋಟೆಲಿಗೆ ಲೇಡಿ ಹಾರ್ಬರ್ಟನ್ ಸೈಕಲ್ ಮೇಲೆ ಬಂದರು. ಉದ್ದ ಲಂಗ ಚೈನಿಗೆ ಸಿಕ್ಕಿಕೊಳ್ಳುತ್ತದೆಂದು ಅವರು ದೊಗಳೆ ಚಡ್ಡಿಯಂಥ ಉಡುಪು ತೊಡುತ್ತಿದ್ದರು. ಹೋಟೆಲಿನ ಯಜಮಾನಿ ಕಾಫಿ ರೂಮಿನೊಳಗೆ ಬಿಡಲಿಲ್ಲ, ಬೇಕಿದ್ದರೆ ಬಾರ್ ಪಕ್ಕದ ಕೋಣೆಯಲ್ಲಿ ಕೂತುಕೊಳ್ಳಿ ಅಂದರು. ಕ್ಲಬ್ ಅವರ ಪರವಾಗಿ ಕೋರ್ಟಿಗೆ ಹೋಯಿತು. ಸೋತಿತು. ಆದರೆ ಸುದ್ದಿ ದೇಶವೆಲ್ಲ ಹಬ್ಬಿತು. ಇಲ್ಲಿರುವ ಹೆಣ್ಣುಮಕ್ಕಳು ಇವತ್ತು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಎಲ್ಲಿ ಬೇಕಾದರೂ ಟೀ ಕುಡಿಯಬಹುದು. ಅದರ ಹಿಂದೆ ಇಂಥ ಸೋತ ಕೇಸುಗಳೂ ಇವೆ.

ಹೊಲಗದ್ದೆ ನಡುವಿನ ದಾರಿಗಳ ಹಕ್ಕೂ ಹಾಗೇ ಬಂದದ್ದು. ಹಳದಿ ಬಾಣದ ಗುರುತಿದ್ದರೆ ಅದು ನಡೆಯುವವರ ದಾರಿ, ಅಲ್ಲಿ ನಮಗೆ ಸೈಕಲ್ ಹತ್ತುವ ಹಕ್ಕಿಲ್ಲ. ನೀಲಿ ಬಾಣ ಇದ್ದರೆ ಕುದುರೆ ದಾರಿ. ಅಲ್ಲಿ ಸೈಕಲ್ ಓಡಿಸುವ ಹಕ್ಕು 1968ರ ಕಾಯ್ದೆಯಿಂದ ಬಂತು. ನಡೆಯುವವರಿಗೆ, ಕುದುರೆ ಸವಾರರಿಗೆ ನಾವು ದಾರಿ ಬಿಡಬೇಕು ಅನ್ನುವುದು ಅದೇ ಕಾಯ್ದೆಯ ಶರತ್ತು.

ಭಾನುವಾರ ಬೆಳಿಗ್ಗೆ ಬೇಗ ಹೊರಡಿ. ಬ್ರಾಡ್‌ಫರ್ಡ್‌ನಿಂದ ಡಿವೈಜಿಸ್‌ಗೆ ಸುಮಾರು 20 ಕಿಲೋಮೀಟರ್ ಕಾಲುವೆ ದಂಡೆ. ಕೊನೆಯಲ್ಲಿ ತಿರುವು ದಾಟಿದ ಕೂಡಲೇ ಗುಡ್ಡದ ಮೇಲೆ ಕಪ್ಪು ಬಿಳುಪಿನ ಬಾಗಿಲುಗಳ ಸಾಲು ಕಾಣುತ್ತದೆ. ಅದು ಕೇನ್ ಹಿಲ್. ಎರಡು ಮೈಲಿಯಲ್ಲಿ 29 ಲಾಕ್‌ಗಳು, 72 ಮೀಟರ್ ಏರು. ಅದರಲ್ಲಿ 16 ನೇರ ಒಂದೇ ಸಾಲಿನಲ್ಲಿ.

ಲಾಕ್ ಅಂದರೆ ಎರಡೂ ಕಡೆ ಬಾಗಿಲಿರುವ ಉದ್ದನೆ ತೊಟ್ಟಿ. ಮೇಲೆ ಹೋಗುವ ದೋಣಿ ಕೆಳಗಿನ ಬಾಗಿಲಿಂದ ಒಳಗೆ ಬರುತ್ತದೆ. ಹಿಂದೆ ಬಾಗಿಲು ಹಾಕಿ, ಮೇಲಿನ ಕಡೆಯ ತೂಬು ಎತ್ತುತ್ತಾರೆ. ನೀರು ನುಗ್ಗುತ್ತದೆ, ತೊಟ್ಟಿ ತುಂಬಿದಂತೆ ದೋಣಿಯೂ ಏರುತ್ತದೆ. ಒಳಗೆ ಹೊರಗೆ ನೀರು ಸಮ ಆಗುವವರೆಗೆ ಬಾಗಿಲು ಎಷ್ಟು ಜನ ತಳ್ಳಿದರೂ ಅಲ್ಲಾಡುವುದಿಲ್ಲ. ಸಮ ಆದ ಕ್ಷಣಕ್ಕೆ ಒಬ್ಬರೇ ತೆರೆಯಬಹುದು. ಬಾಗಿಲಿಗೆ ಜೋಡಿಸಿದ ಭಾರಿ ಮರದ ತೊಲೆಗೆ ಬೆನ್ನು ಕೊಟ್ಟು, ಕಾಲು ಊರಿ, ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಮೋಟಾರಿಲ್ಲ, ಕರೆಂಟಿಲ್ಲ. ದೋಣಿಯ ಅಜ್ಜ ಚುಕ್ಕಾಣಿ ಹಿಡಿದಿದ್ದರೆ ಅಜ್ಜಿ ಕೈಯಲ್ಲಿ ತೂಬಿನ ಹಿಡಿಕೆ ಹಿಡಿದು ಒಂದು ಲಾಕ್‌ನಿಂದ ಇನ್ನೊಂದಕ್ಕೆ ನಡೆಯುತ್ತಿರುತ್ತಾರೆ. ಪೂರ್ತಿ ಏರಲು ಐದಾರು ಗಂಟೆ ಹಿಡಿಯುತ್ತದೆ. ನೀವು ಸೈಕಲ್ ಇಳಿದು ಕೇಳಿದರೆ ತಳ್ಳಲು ನಿಮಗೂ ಒಂದು ತೊಲೆ ಕೊಡುತ್ತಾರೆ. ತಳ್ಳಿ ನೋಡಿ. ಹಲವಾರು ಟನ್ ನೀರಿನ ಭಾರ ಬೆನ್ನಿಗೆ ಗೊತ್ತಾಗುತ್ತದೆ.

ಏರು ಕಡಿದಾದ್ದರಿಂದ ಎರಡು ಲಾಕ್ ನಡುವೆ ನೀರು ನಿಲ್ಲಿಸಲು ಜಾಗ ಸಾಲದು. ಅದಕ್ಕೆ ಕಾಲುವೆಯನ್ನು ಪಕ್ಕಕ್ಕೆ ಅಗಲಿಸಿ ಈ ಸಾಲಿನ ಲಾಕ್‌ಗಳ ನಡುವೆ ಒಂದೊಂದು ಕೊಳ ಮಾಡಿದ್ದಾರೆ. ಮೇಲೆ ನಿಂತು ನೋಡಿದರೆ ಒಂದು ಕಡೆ ಬಾಗಿಲುಗಳ ಮೆಟ್ಟಿಲು, ಇನ್ನೊಂದು ಕಡೆ ಕೊಳಗಳ ಮೆಟ್ಟಿಲು. ಇಳಿದು ಹೋದ ನೀರನ್ನು ಮತ್ತೆ ಮೇಲೆ ಕಳಿಸಲು 1996ರಲ್ಲಿ ಪಂಪ್ ಹಾಕಿದರು. ದಿನಕ್ಕೆ 3.2 ಕೋಟಿ ಲೀಟರ್ ಎತ್ತುವ ಸಾಮರ್ಥ್ಯ ಅದಕ್ಕಿದೆ.

1810ರಲ್ಲಿ ಈ ಮೆಟ್ಟಿಲುಗಳು ಮುಗಿದಾಗಲೇ ಕಾಲುವೆ ಪೂರ್ತಿಯಾದದ್ದು. ಸುಮಾರು ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಲಂಡನ್-ಬ್ರಿಸ್ಟಲ್ ರೈಲು ಬಂತು. 1852ರಲ್ಲಿ ರೈಲು ಕಂಪನಿಯೇ ಕಾಲುವೆಯನ್ನು ಕೊಂಡಿತು. ಪೈಪೋಟಿಯವರ ಕೈಗೆ ಹೋದ ಕಾಲುವೆಯ ಗತಿ ಏನಾಗಬಹುದು ಹೇಳಿ. 1950ರ ಹೊತ್ತಿಗೆ ದೋಣಿ ಈ ತುದಿಯಿಂದ ಆ ತುದಿಗೆ ಹೋಗುವ ಹಾಗೇ ಇರಲಿಲ್ಲ. ಕೇನ್ ಹಿಲ್‌ನ ತೊಟ್ಟಿಗಳೊಳಗೆ ಗಿಡ ಬೆಳೆದಿತ್ತು. ಕಾನೂನಿನ ಪ್ರಕಾರವೇ ಮುಚ್ಚಿಬಿಡುವ ಮಾತು ಬಂತು.

ಆಗ 20 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯೊಂದು ರಾಣಿಯವರೆಗೆ ಹೋಯಿತು. ಆ ಮನವಿಯನ್ನು ನೀರಿನ ಮೇಲೆಯೇ ಲಂಡನ್‌ಗೆ ಒಯ್ದರು. 1962ರಲ್ಲಿ ಕಾಲುವೆಗಾಗಿಯೇ ಒಂದು ಟ್ರಸ್ಟ್ ಕಟ್ಟಿದರು. ಮೂವತ್ತು ವರ್ಷಗಳ ಹತ್ತಿರ ಹೂಳೆತ್ತಿದರು, ಇಟ್ಟಿಗೆ ಕಟ್ಟಿದರು, ಬಾಗಿಲು ಕೂರಿಸಿದರು, ಚಂದಾ ಎತ್ತಿದರು. ಶುರು ಮಾಡಿದವರಲ್ಲಿ ಎಷ್ಟೋ ಜನ ಮುಗಿದದ್ದನ್ನು ನೋಡಲಿಲ್ಲ. 1990ರ ಆಗಸ್ಟ್ 8ರಂದು ರಾಣಿ ಎರಡನೇ ಎಲಿಜಬೆತ್ ಇದೇ ಕೇನ್ ಹಿಲ್‌ಗೆ ಬಂದು ಕಾಲುವೆಯನ್ನು ಮತ್ತೆ ತೆರೆದರು. ನನಗೆ ಬಾತ್‌ನ ಅರಮನೆಯಂಥ ಮನೆಗಳಿಗಿಂತ ಈ ಬಾಗಿಲುಗಳು ದೊಡ್ಡವಾಗಿ ಕಾಣುತ್ತವೆ.

ಮೇಲೆ ಡಿವೈಜಿಸ್ ಊರು. ಮಾರುಕಟ್ಟೆ ಚೌಕದ ನಡುವೆ ಒಂದು ಕಲ್ಲಿನ ಸ್ಮಾರಕ ಇದೆ. ಅದರ ಮೇಲೆ ಕೆತ್ತಿರುವ ಕಥೆ ಓದಿ. 1753ರಲ್ಲಿ ರೂತ್ ಪಿಯರ್ಸ್ ಎಂಬ ಹೆಂಗಸು ಇನ್ನು ಮೂವರ ಜೊತೆ ಸೇರಿ ಪಾಲಿನಲ್ಲಿ ಒಂದು ಮೂಟೆ ಗೋಧಿ ಕೊಂಡಳು. ಲೆಕ್ಕದಲ್ಲಿ ಮೂರು ಪೆನ್ನಿ ಕಡಿಮೆ ಬಂತು. ನನ್ನ ಪಾಲು ಕೊಟ್ಟಿದ್ದೇನೆ, ಸುಳ್ಳಾದರೆ ಇಲ್ಲೇ ಬಿದ್ದು ಸಾಯಲಿ ಅಂದಳು. ಬಿದ್ದು ಸತ್ತಳು. ದುಡ್ಡು ಅವಳ ಮುಷ್ಟಿಯಲ್ಲೇ ಇತ್ತು ಅಂತ ಬರೆದಿದ್ದಾರೆ. ನಮ್ಮಲ್ಲಿ ಧರ್ಮಸ್ಥಳದಲ್ಲಿ ಆಣೆ ಮಾಡುವ ಭಯ ಗೊತ್ತಿರುವವರಿಗೆ ಈ ಕಲ್ಲು ಬೇಗ ಅರ್ಥವಾಗುತ್ತದೆ.

ಅಲ್ಲಿಂದ ಹನಿಸ್ಟ್ರೀಟ್‌ವರೆಗೆ ಮತ್ತೆ ಕಾಲುವೆ. ಇಲ್ಲಿ ಲಾಕ್ ಇಲ್ಲ, ಸಮತಟ್ಟು. ಎಡಗಡೆ ಸುಣ್ಣಗಲ್ಲಿನ ಬೋಳು ಗುಡ್ಡಗಳು. ಹುಲ್ಲು ಕೆರೆದರೆ ಸಾಕು, ಕೆಳಗೆ ಬೆಳ್ಳಗೆ ಕಾಣುತ್ತದೆ. ಹಾಗೆ ಕೆರೆದೇ ಆಲ್ಟನ್ ಬಾರ್ನ್ಸ್ ಗುಡ್ಡದ ಮೇಲೆ 1812ರಲ್ಲಿ ದೊಡ್ಡ ಬಿಳಿ ಕುದುರೆ ಮಾಡಿದ್ದಾರೆ. ಕೆಲಸ ಹಿಡಿದವನು ರೈತನಿಂದ ಮುಂಗಡವಾಗಿ 20 ಪೌಂಡ್ ತಗೊಂಡು ಓಡಿಹೋದನಂತೆ.

ಹನಿಸ್ಟ್ರೀಟ್‌ನಲ್ಲಿ ಕಾಲುವೆ ಬಿಟ್ಟು ನ್ಯಾಪ್ ಹಿಲ್ ಪಕ್ಕದಿಂದ ಗುಡ್ಡ ಹತ್ತಬೇಕು. ಎರಡು ದಿನದಲ್ಲಿ ನಿಜವಾದ ಏರು ಅಂದರೆ ಇದೇ. ಇಂಥ ಕಡೆ ಆರ್ಡ್ನೆನ್ಸ್ ಸರ್ವೆ ಎಂಬ ಸರಕಾರಿ ನಕ್ಷೆ ಸಂಸ್ಥೆಯ ಕಾಗದದ ನಕ್ಷೆ ಇಟ್ಟುಕೊಳ್ಳಿ. ರಸ್ತೆಯ ಮೇಲೆ ಬಾಣದ ತುದಿಯಂಥ ಗುರುತಿದ್ದರೆ ಕಡಿದಾದ ಏರು, ಎರಡಿದ್ದರೆ ಇನ್ನೂ ಕಡಿದು, ಇಳಿದು ತಳ್ಳಿಕೊಂಡು ಹೋಗಲು ಸಿದ್ಧರಾಗಿ. ಈ ಸಂಸ್ಥೆ 1791ರಲ್ಲಿ ಸೈನ್ಯಕ್ಕಾಗಿ ಹುಟ್ಟಿದ್ದು. ಇದೇ ಅಳತೆಯ ವಿದ್ಯೆಯೇ ನಮ್ಮ ನಾಡಿಗೂ ಬಂತು. 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯನ್ನು ತ್ರಿಕೋನಗಳ ಲೆಕ್ಕದಲ್ಲಿ ಅಳೆಯೋಣ ಅಂದರು. 1800ರಲ್ಲಿ ಬೆಂಗಳೂರಿನ ಹತ್ತಿರ ಅಳತೆಯ ಮೊದಲ ಗೆರೆ ಎಳೆದರು. ಆಮೇಲೆ ಮದ್ರಾಸಿನಿಂದ ಶುರುವಾಗಿ ಹಿಮಾಲಯದವರೆಗೆ ಹೋದ ದೊಡ್ಡ ಸರ್ವೆಗೆ ಅದೇ ಮುನ್ನುಡಿ. ಗೆದ್ದ ನೆಲವನ್ನು ಹಿಡಿತದಲ್ಲಿಡಲು ಮಾಡಿದ ನಕ್ಷೆಗಳು ಅವು. ಇಲ್ಲಿ ಅಂಥ ನಕ್ಷೆಯನ್ನೇ ಜನ ತಮ್ಮ ನಡೆದಾಡುವ ಹಕ್ಕಿನ ದಾಖಲೆಯಾಗಿ ಮಾಡಿಕೊಂಡಿದ್ದಾರೆ. ಅದನ್ನು ನಾನು ಮೆಚ್ಚುತ್ತೇನೆ.

ಇಳಿದರೆ ಲಾಕ್‌ರಿಜ್, ಮುಂದೆ ಏವ್‌ಬರಿ. ದೊಡ್ಡ ಕಲ್ಲುಗಳನ್ನು ವೃತ್ತವಾಗಿ ನೆಟ್ಟು, ಸುತ್ತ ಕಂದಕ ತೋಡಿದ ಜಾಗ ಇದು. ಸ್ಟೋನ್‌ಹೆಂಜ್‌ನಲ್ಲಿ ಹಗ್ಗದಾಚೆ ನಿಂತು ನೋಡಬೇಕು. ಇಲ್ಲಿ ನಾಲ್ಕೂವರೆ ಸಾವಿರ ವರ್ಷ ಹಳೆಯ ಕಲ್ಲಿಗೆ ಬೆನ್ನು ಒರಗಿಸಿ ಮೊಸರನ್ನ ತಿನ್ನಬಹುದು. ಸುತ್ತ ಕುರಿಗಳು ಮೇಯುತ್ತಿರುತ್ತವೆ. ಕಂದಕದ ಸುತ್ತಳತೆ ಒಂದು ಕಿಲೋಮೀಟರ್‌ಗೂ ಜಾಸ್ತಿ. ಅದನ್ನು ಜಿಂಕೆ ಕೊಂಬಿನ ಗುದ್ದಲಿಗಳಿಂದ ಅಗೆದರು. ವೃತ್ತದೊಳಗೇ ಹಳ್ಳಿ ಇದೆ, ರಸ್ತೆ ಇದೆ.

ಈ ಕಲ್ಲುಗಳು ಹೀಗೇ ನಿಂತಿರಲಿಲ್ಲ. ಮಧ್ಯಕಾಲದಲ್ಲಿ ಹಲವನ್ನು ಉರುಳಿಸಿ ಹೂತರು. ಆಮೇಲೆ 17, 18ನೇ ಶತಮಾನದಲ್ಲಿ ಮನೆ ಕಟ್ಟಲು ಒಡೆದರು. ಕಲ್ಲಿನ ಸುತ್ತ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು, ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. 1930ರ ದಶಕದಲ್ಲಿ ಮಾರ್ಮಲೇಡ್ ವ್ಯಾಪಾರದ ಕುಟುಂಬದ ಅಲೆಕ್ಸಾಂಡರ್ ಕೀಲರ್ ಇಲ್ಲಿಯ ಜಮೀನು ಕೊಂಡು, ಹೂತ ಕಲ್ಲುಗಳನ್ನು ಎತ್ತಿ ಅವುಗಳ ಕುಳಿಯಲ್ಲೇ ನಿಲ್ಲಿಸಿದರು. ಕಲ್ಲು ಸಿಗದ ಕಡೆ ಸಿಮೆಂಟಿನ ಗುರುತು ನೆಟ್ಟರು. 1938ರಲ್ಲಿ ಒಂದು ಕಲ್ಲಿನ ಕೆಳಗೆ ಒಬ್ಬನ ಅಸ್ಥಿಪಂಜರ ಸಿಕ್ಕಿತು. ಅವನ ಹತ್ತಿರ ಕತ್ತರಿ, ಗಾಯ ಕೊಯ್ಯುವಂಥ ಮೊನೆ, 14ನೇ ಶತಮಾನದ ಕೆಲವು ನಾಣ್ಯ. ಊರೂರು ತಿರುಗುವ ಕ್ಷೌರಿಕ ವೈದ್ಯ ಇರಬೇಕು ಅಂತ ಅಂದಾಜು ಮಾಡಿದರು.

ಕೀಲರ್ ಮಾಡಿದ್ದು ದೊಡ್ಡ ಕೆಲಸ. ಆದರೆ ವೃತ್ತ ಚೊಕ್ಕವಾಗಿ ಕಾಣಲಿ ಅಂತ ಒಳಗಿನ ಹಲವು ಮನೆಗಳನ್ನು ಕೆಡವಿಸಿದರು, ಜನ ಊರಾಚೆ ಹೋಗಬೇಕಾಯಿತು. ರೈಲು ಹಾದಿ, ಕಾಲುವೆಗಳನ್ನು ಜನ ಸೇರಿ ತಮಗಾಗಿ ಉಳಿಸಿಕೊಂಡರು. ಇಲ್ಲಿ ಒಬ್ಬರ ದುಡ್ಡು, ಒಬ್ಬರ ಆಸೆ ಕೆಲಸ ಮಾಡಿತು. ಉಳಿಸುವ ಕೆಲಸವನ್ನು ಯಾರು, ಯಾರನ್ನು ಕೇಳಿ ಮಾಡುತ್ತಾರೆ ಅನ್ನುವುದು ಮುಖ್ಯ. ಹಂಪಿಯ ಬಜಾರಿನ ಮನೆಗಳನ್ನು ತೆರವು ಮಾಡಿದ್ದು ನೆನಪಿರುವವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಅಲ್ಲಿಂದ ಸಿಲ್ಬರಿ ದಿಬ್ಬವನ್ನು ದೂರದಿಂದ ನೋಡಿಕೊಂಡು ಪ್ಯೂಸಿ ಸ್ಟೇಷನ್‌ಗೆ ಬನ್ನಿ. ರೆಡಿಂಗ್‌ಗೆ ನೇರ ರೈಲು ಸಿಗುತ್ತದೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು.

ರೈಲಿನಲ್ಲಿ ಸೈಕಲ್ ಬಿಡುತ್ತಾರಾ ಅಂತ ಒಬ್ಬರು ಕೇಳಿದರು. ಬಿಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಆದರೆ ದೂರದ ರೈಲುಗಳಲ್ಲಿ ಜಾಗ ಕಡಿಮೆ. ಟಿಕೆಟ್ ಜೊತೆಗೇ ಸೈಕಲ್‌ಗೂ ಜಾಗ ಕಾಯ್ದಿರಿಸಿ. ಒಳಗೆ ಕೊಕ್ಕೆಗೆ ಮುಂದಿನ ಚಕ್ರ ನೇತುಹಾಕಿ ನಿಲ್ಲಿಸಬೇಕು.

ಎಂಥ ಸೈಕಲ್ ಬೇಕು ಅಂತ ಇನ್ನೊಬ್ಬರು. ರೇಸಿನ ಸಪೂರ ಟೈರು ಬೇಡ. ಕಾಲುವೆ ದಂಡೆಯಲ್ಲಿ ಜಲ್ಲಿ, ಮಳೆ ಬಂದರೆ ಕೆಸರು. ಸ್ವಲ್ಪ ಅಗಲ ಟೈರಿನ ಮಾಮೂಲಿ ಸೈಕಲ್ ಸಾಕು. ಒಂದು ಟ್ಯೂಬು, ಪಂಪು, ಪಂಚರ್ ಪ್ಯಾಚು ಇರಲಿ.

ಹಿಂದಿನ ಸಾಲಿನಲ್ಲಿ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತರು. ತುಮಕೂರಲ್ಲಿ ಮೇಷ್ಟ್ರಾಗಿದ್ದವರು. "ಸರ್ವಿಸ್ ಪೂರ್ತಿ ಸೈಕಲ್‌ನಲ್ಲೇ ಸ್ಕೂಲಿಗೆ ಹೋದವನು ನಾನು. ಈಗ ಮೊಣಕಾಲು ನೋವು. ನನಗೆ ಆಗೋ ಅಂಥದ್ದು ಏನಾದ್ರೂ ಇದೆಯೇನಪ್ಪಾ?" ಅಂದರು.

ಇದೆ ಸಾರ್. ಬ್ರಾಡ್‌ಫರ್ಡ್‌ನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಕಾಲುವೆ ಪಕ್ಕ ಡಂಡಸ್‌ವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹೋಗಿ ಬರೋದು ಸೇರಿ 15 ಕಿಲೋಮೀಟರ್ ಆಸುಪಾಸು. ಹೆಚ್ಚೂಕಡಿಮೆ ಸಮತಟ್ಟು, ನಡುವೆ ಒಂದು ಲಾಕೂ ಇಲ್ಲ. ದಾರಿಯಲ್ಲಿ ಏವನ್‌ಕ್ಲಿಫ್ ಸಿಗುತ್ತದೆ, ಅಲ್ಲಿ ಕೂತು ಟೀ ಕುಡಿಯಬಹುದು. ಮಗಳಿಗೆ ರಜೆ ಇರುವ ದಿನ ನೋಡಿ ಹೇಳಿ, ನಾನೂ ಬರುತ್ತೇನೆ.